ಹೊಳಿ ದಾಟಿ ಬಂದ ಮಿಲ್ಟ್ರಿ ಅಜ್ಜ

ನಮ್ಮ ಅಜ್ಜನ ಎತ್ತುಗಳಿಗೆ ಇಂಗ್ಲಿಷ್ ಬರುತ್ತಿತ್ತು. ಕುರ್ತಕೋಟಿಯ ಎರೆಹೊಲದಲ್ಲಿ ರಂಟೆ ಹೊಡೆಯುವಾಗ ಸಾಲಿನ ಕೊನೆ ಮುಟ್ಟಿದೊಡನೆ ಉಳಿದ ರೈತರು ನಾಲಿಗೆ ಲೊಚಗುಟ್ಟಿ, ಬಾರುಕೋಲು ತೋರಿಸಿ ಎತ್ತು ತಿರುಗಿಸಿದರೆ, ಅಜ್ಜ ಎದೆ ಸೆಟೆಸಿ ನಿಂತು ‘ಅಬೌಟ್ ಟರ್ನ್’ ಎಂದು ಕೂಗುತ್ತಿದ್ದ. ಎತ್ತುಗಳು ತಿರುಗುತ್ತಿದ್ದವು. ‘ಹಾಲ್ಟ್’ ಎಂದರೆ ನೊಗ ಅಲುಗದಂತೆ ನಿಲ್ಲುತ್ತಿದ್ದವು. ಒಮ್ಮೆ ಆ ಜೋಡಿಯನ್ನು ಮಾರಿದ. ಕೊಂಡವರು ವಾರ ತುಂಬುವುದರೊಳಗೆ ಮರಳಿ ಬಂದರು. ‘ಯಜಮಾನ್ರ, ಎತ್ತು ಚಲೋ ಅದಾವ್ರಿ, ಆದ್ರ ನಮ್ಮ ಮಾತ ಕೇಳವಲ್ವು.’ ಅಜ್ಜ ಅವರನ್ನು ಕಟ್ಟೆಯ ಮೇಲೆ ಕೂಡಿಸಿ, ಚಹಾ ಕುಡಿಸಿ, ನಾಲ್ಕು ಆರ್ಡರುಗಳನ್ನು ಬಾಯಿಪಾಠ ಮಾಡಿಸಿ ಕಳಿಸಿದ. ಓಣಿ ದಾಟುವವರೆಗೂ ಅವರು ‘ಲೆಫ್ಟ್ ಟರ್ನ್, ರೈಟ್ ಟರ್ನ್’ ಎಂದು ಗೊಣಗುತ್ತಲೇ ಹೋದರು.

ಕುರ್ತಕೋಟಿ ಗದಗ ತಾಲೂಕಿನ ಊರು. ಹುಲಕೋಟಿಯ ಆಸುಪಾಸಿನ ಎರೆ ಸೀಮೆ. ಸಾಹಿತ್ಯ ಬಲ್ಲವರಿಗೆ ಈ ಹೆಸರು ಕಿವಿಗೆ ಬಿದ್ದೊಡನೆ ವಿಮರ್ಶಕ ಕೀರ್ತಿನಾಥ ಕುರ್ತಕೋಟಿ ನೆನಪಾಗುತ್ತಾರೆ. ನನಗೆ ಮೊದಲು ನೆನಪಾಗುವುದು ಮಿಲ್ಟ್ರಿ ಅಜ್ಜ. ಊರಲ್ಲಿ ಯಾರೂ ಅವನ ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ಪೋಸ್ಟಿನವರು ಕೂಡ ವಿಳಾಸ ಓದಿ, ‘ಓ, ನಮ್ಮ ಮಿಲ್ಟ್ರಿ ಅಜ್ಜಂದು’ ಎನ್ನುತ್ತಿದ್ದರು. ಎರಡನೇ ಮಹಾಯುದ್ಧದಲ್ಲಿ ಮರಾಠಾ ಲೈಟ್ ಇನ್‌ಫಂಟ್ರಿಯ ಸಿಪಾಯಿಯಾಗಿ ಇಟಲಿಯವರೆಗೆ ಹೋಗಿ, ಬದುಕಿ ಬಂದು, ಮುಂದೆ ಅರ್ಧ ಶತಮಾನ ಹತ್ತಿ, ಜೋಳ, ಒಣಮೆಣಸಿನಕಾಯಿ ಬೆಳೆದವನು ಅವನು. ದಂಡಿನಲ್ಲಿದ್ದದ್ದು ಐದಾರು ವರ್ಷ. ಒಕ್ಕಲುತನ ಮಾಡಿದ್ದು ಅದರ ಹತ್ತು ಪಟ್ಟು. ಆದರೂ ಊರು ಅವನಿಗೆ ಕೊಟ್ಟ ಹೆಸರು ಮಿಲ್ಟ್ರಿಯದ್ದೇ.

1941ರಲ್ಲಿ ಅವನು ಭರ್ತಿಯಾದ. ಆಗ ಗದಗ ಧಾರವಾಡ ಜಿಲ್ಲೆಗೆ, ಧಾರವಾಡ ಮುಂಬೈ ಪ್ರಾಂತಕ್ಕೆ ಸೇರಿತ್ತು. ಬೆಳಗಾವಿಯ ಕ್ಯಾಂಪಿನಲ್ಲಿ 1922ರಿಂದಲೇ ಮರಾಠಾ ಪಲ್ಟನ್ನುಗಳ ತರಬೇತಿ ಕೇಂದ್ರವಿತ್ತು. ಯುದ್ಧ ಏರುತ್ತ ಹೋದಂತೆ ಭರ್ತಿ ಮಾಡುವವರು ನಮ್ಮ ಸೀಮೆಯ ಸಂತೆಗಳಿಗೂ ಬರತೊಡಗಿದರು. ಆ ಯುದ್ಧ ಮುಗಿಯುವ ಹೊತ್ತಿಗೆ ಭಾರತದಿಂದ ಸೇರಿದ ಸೈನಿಕರ ಸಂಖ್ಯೆ 25 ಲಕ್ಷ ಮುಟ್ಟಿತು. ಯಾರನ್ನೂ ಕಡ್ಡಾಯವಾಗಿ ಎಳೆದೊಯ್ಯಲಿಲ್ಲ, ಎಲ್ಲರೂ ತಾವಾಗಿಯೇ ಬಂದವರು ಎಂದು ಪುಸ್ತಕಗಳು ಹೇಳುತ್ತವೆ. ಮಳೆ ಕೈಕೊಟ್ಟ ವರ್ಷ, ಸಾಹುಕಾರರ ಪುಸ್ತಕದಲ್ಲಿ ಅಪ್ಪನ ಹೆಸರಿನ ಮುಂದೆ ಬಡ್ಡಿ ಬೆಳೆಯುತ್ತಿರುವಾಗ, ಹತ್ತೊಂಬತ್ತರ ಹುಡುಗ ‘ತಾನಾಗಿಯೇ’ ಬರುವುದು ಅಂದರೆ ಏನು ಎಂಬುದನ್ನು ಎರೆ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಅಜ್ಜ ಮಾತ್ರ ಸಾಲದ ಸುದ್ದಿ ಎತ್ತುತ್ತಿರಲಿಲ್ಲ. ‘ಕುಂದಾ ತಿನ್ನಾಕ ಬೆಳಗಾಂವಿಗೆ ಹೋಗಿದ್ದೆ, ಹಿಡಕೊಂಡ್ರು’ ಎನ್ನುತ್ತಿದ್ದ. ಹುಲಕೋಟಿ ಸ್ಟೇಶನ್ನಿನಲ್ಲಿ ರೈಲು ಹತ್ತಿ, ಹುಬ್ಬಳ್ಳಿ, ಧಾರವಾಡ, ಲೋಂಡಾ ಹಾದು ಬೆಳಗಾವಿಗೆ ಇಳಿದಾಗ ಅವನ ತೂಕ ಸೈನ್ಯ ಕೇಳುವುದಕ್ಕಿಂತ ಕಡಿಮೆ ಇತ್ತಂತೆ. ಡಾಕ್ಟರ್ ‘ನಾಳೆ ಬಾ’ ಎಂದು ಕಳಿಸಿದರಂತೆ. ರಾತ್ರಿ ಪೂರ್ತಿ ಬಾಳೆಹಣ್ಣು ತಿಂದು, ಬೆಳಿಗ್ಗೆ ತಂಬಿಗೆಗಟ್ಟಲೆ ನೀರು ಕುಡಿದು, ಹೊಟ್ಟೆ ಅಲುಗಾಡಿಸದೆ ನಡೆದು ಹೋಗಿ ತಕ್ಕಡಿಯ ಮೇಲೆ ನಿಂತನಂತೆ. ‘ಸರ್ಕಾರ ಒಂದ್ ಡಜನ್ ಬಾಳಿಹಣ್ಣನ್ನ ಸಿಪಾಯಿ ಅಂತ ಬರಕೊಂತು’ ಎಂದು ಹೇಳಿ ತಾನೇ ಮೊದಲು ನಗುತ್ತಿದ್ದ. ಕತೆ ಹೇಳುವವರು ತಾವೇ ಮೊದಲು ನಗಬಾರದು ಎಂಬ ಕಟ್ಟಳೆ ಇದೆಯಲ್ಲ, ಅಜ್ಜ ಅದನ್ನು ಒಂದು ದಿನವೂ ಪಾಲಿಸಲಿಲ್ಲ. ಅವನು ನಗಲು ಶುರು ಮಾಡಿದರೆ ಹೆಗಲ ಮೇಲಿನ ವಲ್ಲಿ ಜಾರಿ ಬೀಳುತ್ತಿತ್ತು, ಕಣ್ಣಲ್ಲಿ ನೀರು ಬರುತ್ತಿತ್ತು, ಕತೆಯ ಕೊನೆಯನ್ನು ನಾವೇ ಹೇಳಿ ಮುಗಿಸಬೇಕಾಗುತ್ತಿತ್ತು.

ಸೈನ್ಯದ ಭಾಷೆ ಆಗ ಉರ್ದು, ಬರೆಯುವುದು ರೋಮನ್ ಅಕ್ಷರಗಳಲ್ಲಿ. ಅಜ್ಜ ಕಲಿತದ್ದು ಕನ್ನಡ ಶಾಲೆಯ ನಾಲ್ಕನೇ ಇಯತ್ತೆ. ಸುತ್ತಲಿನವರೆಲ್ಲ ಮರಾಠಿಯವರು, ಮೇಲಿನ ಅಧಿಕಾರಿಗಳ ಬಾಯಲ್ಲಿ ಇಂಗ್ಲಿಷ್. ಹೀಗೆ ಕೂಡಿದ ನಾಲ್ಕು ಭಾಷೆಗಳ ಮೇಲೆ ಇಟಲಿಯ ಒಂದಷ್ಟು ಮಾತು ಸೇರಿ ಅವನದೇ ಒಂದು ಭಾಷೆ ತಯಾರಾಗಿತ್ತು. ಮಧ್ಯಾಹ್ನ ರೊಟ್ಟಿಗೆ ಕರೆಯುವಾಗ ಪಡಸಾಲೆಯಲ್ಲಿ ನಿಂತು ‘ಮಾಂಜಾರೆ!’ ಎಂದು ಕೂಗುತ್ತಿದ್ದ. ಮೊಮ್ಮಕ್ಕಳೆಲ್ಲ ಓಡಿ ಬರುತ್ತಿದ್ದೆವು. ಮನೆಗೆ ಬಂದ ಬೀಗರು ಯಾರನ್ನು ಕರೆದನೆಂದು ಅತ್ತಿತ್ತ ನೋಡುತ್ತಿದ್ದರು.

ಅಜ್ಜನಿದ್ದದ್ದು ಮೊದಲನೇ ಬೆಟಾಲಿಯನ್ನಿನಲ್ಲಿ. ‘ಜಂಗಿ ಪಲ್ಟನ್’ ಎಂಬುದು ಅದರ ಹಳೆಯ ಬಿರುದು. ಅದು ಸೇರಿದ್ದ 8ನೇ ಭಾರತೀಯ ಡಿವಿಜನ್ ಇರಾಕ್, ಸಿರಿಯಾ ಕಡೆ ಇದ್ದು, 1943ರ ಸೆಪ್ಟೆಂಬರಿನಲ್ಲಿ ಇಟಲಿಯ ತುದಿಯ ಟರಾಂಟೊ ಬಂದರಿಗೆ ಇಳಿಯಿತು. ಅಲ್ಲಿಂದ ಬಡಗಣಕ್ಕೆ ಒಂದೊಂದೇ ಹೊಳೆ ದಾಟುತ್ತ ಹೋಗುವುದೇ ಯುದ್ಧ. ಜರ್ಮನರು ಪ್ರತಿ ಹೊಳೆಯ ಆಚೆ ದಂಡೆಯಲ್ಲಿ ಕಾಯುತ್ತಿದ್ದರು. ತ್ರಿನ್ಯೊ, ಸಾಂಗ್ರೊ, ಆಮೇಲೆ ಕಸೀನೊ ಬೆಟ್ಟದ ಕೆಳಗಿನ ಗಾರಿ, ಕೊನೆಗೆ ಸೇನಿಯೊ. ಅಜ್ಜನ ಬಾಯಲ್ಲಿ ಈ ಹೆಸರುಗಳು ಬೆಣ್ಣಿಹಳ್ಳ, ತುಂಗಭದ್ರೆ, ಮಲಪ್ರಭೆಗಳಷ್ಟೇ ಸಲೀಸಾಗಿ ಬರುತ್ತಿದ್ದವು.

ಸಾಂಗ್ರೊ ಹೊಳೆಯ ಹತ್ತಿರ 1943ರ ನವೆಂಬರಿನಲ್ಲಿ ಮಳೆ ಹಿಡಿದುಕೊಂಡಿತು. ಹೊಳೆ ಏರಿ ಸೇತುವೆಗಳು ಕೊಚ್ಚಿ ಹೋದವು, ದಾರಿ ಎಲ್ಲ ರಾಡಿ. ಅಲ್ಲಿಯ ಕೆಸರು ಎರಡು ಹೆಜ್ಜೆಗೊಮ್ಮೆ ಬೂಟು ಕಿತ್ತುಕೊಳ್ಳುತ್ತಿತ್ತಂತೆ. ಈ ಭಾಗ ಹೇಳುವಾಗ ಅಜ್ಜನಿಗೆ ಎಲ್ಲಿಲ್ಲದ ಹುರುಪು. ಯಾಕೆಂದರೆ ಎರೆ ಮಣ್ಣಿನಲ್ಲಿ ಹುಟ್ಟಿ ಬೆಳೆದವನಿಗೆ ಕೆಸರು ಹೊಸದಲ್ಲ. ಒಬ್ಬ ಗೋರಾ ಸಾಹೇಬರ ಜೀಪು ಗಾಲಿ ಪೂರ್ತಿ ಹೂತು ನಿಂತಿತ್ತು. ಡ್ರೈವರ್ ಎಂಜಿನ್ ಒತ್ತಿದಷ್ಟೂ ಅದು ಇನ್ನೂ ಕೆಳಗಿಳಿಯುತ್ತಿತ್ತು. ಅಜ್ಜ ಮುಂದೆ ಹೋಗಿ ಎಂಜಿನ್ ಬಂದ್ ಮಾಡಿಸಿದ. ಗಾಲಿಯ ಮುಂದಿನ ಕೆಸರನ್ನು ಕೈಯಿಂದಲೇ ಬಳಿದು ತೆಗೆದ. ದ್ರಾಕ್ಷಿ ತೋಟದ ಒಣ ಕಟ್ಟಿಗೆ, ಹುಲ್ಲು, ಹರಿದ ತಟ್ಟು ತಂದು ಗಾಲಿಯ ಅಡಿಗೆ ತುರುಕಿದ. ಆಮೇಲೆ ನಾಲ್ಕು ಮಂದಿಯನ್ನು ಹಿಂದೆ ನಿಲ್ಲಿಸಿ, ಒಮ್ಮೆಲೇ ನೂಕದೆ, ಹಿಂದೆ ಮುಂದೆ, ಹಿಂದೆ ಮುಂದೆ ತೂಗಾಡಿಸಿದ. ಮಳೆಗಾಲದಲ್ಲಿ ನಮ್ಮ ಹೊಲದ ದಾರಿಯಲ್ಲಿ ಬಂಡಿ ಹುಗಿದರೆ ಮಾಡುವುದು ಇದನ್ನೇ. ಜೀಪು ಎದ್ದು ಬಂತು. ಸಾಹೇಬರು ಸಿಗರೇಟಿನ ಪಾಕೀಟು ಕೊಟ್ಟು, ‘ಎಲ್ಲಿ ಕಲಿತೆ?’ ಎಂದು ಕೇಳಿದರು. ‘ಕುರ್ತಕೋಟಿ ಸಾಬ್.’ ಅದು ಯಾವ ಮಿಲಿಟರಿ ಸ್ಕೂಲು ಎಂದು ಅವರು ಪಕ್ಕದವರನ್ನು ವಿಚಾರಿಸಿದರಂತೆ.

ನಾವು ಬಿದ್ದು ಬಿದ್ದು ನಗುತ್ತಿದ್ದೆವು. ಆ ಹೊಳೆಯ ದಂಡೆಯಲ್ಲಿ ಏನೇನಾಯಿತು ಎಂದು ನಾನು ಓದಿ ತಿಳಿದದ್ದು ದೊಡ್ಡವನಾದ ಮೇಲೆ. ಸಾಂಗ್ರೊ ನದಿಯ ಯುದ್ಧ ಸ್ಮಶಾನದಲ್ಲಿ ಒಂದು ದಹನ ಸ್ಮಾರಕ ಇದೆ. ಆ ಕಣಿವೆಯಲ್ಲಿ ಸತ್ತು, ಅಲ್ಲೇ ಸುಡಲ್ಪಟ್ಟ 500ಕ್ಕೂ ಹೆಚ್ಚು ಭಾರತೀಯ ಸೈನಿಕರ ಹೆಸರುಗಳನ್ನು ಅಲ್ಲಿ ಕೆತ್ತಿದ್ದಾರೆ. ಇಟಲಿಯ ಯುದ್ಧಕ್ಕೆ ಹೋದ ಭಾರತೀಯರು ಸುಮಾರು 50,000, ಅವರಲ್ಲಿ 5,700ಕ್ಕೂ ಹೆಚ್ಚು ಮಂದಿ ಮರಳಲಿಲ್ಲ. ಜೀಪು ನೂಕಿದ ಆ ನಾಲ್ವರಲ್ಲಿ ಎಷ್ಟು ಜನ ಆ ಕಲ್ಲಿನ ಮೇಲೆ ಹೋದರೋ. ಅಜ್ಜ ಅವರ ಹೆಸರು ಹೇಳುತ್ತಿದ್ದ, ಅವರ ಊರು ಹೇಳುತ್ತಿದ್ದ, ಒಬ್ಬ ಗೊರಕೆ ಹೊಡೆಯುತ್ತಿದ್ದ, ಇನ್ನೊಬ್ಬ ಬೆಲ್ಲ ಕದಿಯುತ್ತಿದ್ದ ಎಂದೆಲ್ಲ ಹೇಳುತ್ತಿದ್ದ. ಮುಂದೆ ಅವರು ಏನಾದರು ಎಂದು ಮಾತ್ರ ಹೇಳಲಿಲ್ಲ. ನಾವು ಕೇಳಲೂ ಇಲ್ಲ. ನಗು ಅಷ್ಟು ಭರ್ತಿ ಇದ್ದಾಗ ಕೇಳಬೇಕೆಂದು ಹೊಳೆಯುವುದಿಲ್ಲ.

ಊಟದ ಕತೆಗಳಿಗೆ ಲೆಕ್ಕವಿರಲಿಲ್ಲ. ಪಲ್ಟನ್ ಒಂದು ಹಳ್ಳಿಯಲ್ಲಿ ಬೀಡು ಬಿಟ್ಟಿದ್ದಾಗ ಒಬ್ಬ ಇಟಲಿಯ ಮುದುಕಿ ಅವನನ್ನು ಹಚ್ಚಿಕೊಂಡಿದ್ದಳಂತೆ. ಅವಳ ಮಕ್ಕಳಿಬ್ಬರೂ ಯುದ್ಧಕ್ಕೆ ಹೋಗಿ ಸುದ್ದಿಯಿಲ್ಲ. ಅಜ್ಜ ಅವಳಿಗೆ ಕಟ್ಟಿಗೆ ಒಡೆದುಕೊಟ್ಟ, ಬಾವಿಯಿಂದ ನೀರು ಸೇದಿಕೊಟ್ಟ. ಅವಳು ಒಂದು ದಿನ ಮನೆಯಲ್ಲಿ ಕೂಡಿಸಿ ಹಬೆಯಾಡುವ ಒಂದು ತಾಟು ಮುಂದಿಟ್ಟಳು. ಅಜ್ಜ ನೋಡಿದರೆ ಶ್ಯಾವಿಗಿ! ಮನೆಯಲ್ಲಿ ಅವ್ವ ಬೇಸಿಗೆಯಲ್ಲಿ ಹೊಸೆದು ಕೋಲಿಗೆ ಹಾಕಿ ಒಣಗಿಸುವ ಶ್ಯಾವಿಗಿಯೇ, ತುಸು ದಪ್ಪ, ಅಷ್ಟೆ. ಅವನಿಗೆ ಗಂಟಲು ಕಟ್ಟಿ ಬಂತಂತೆ. ಆಮೇಲೆ ಸಾವರಿಸಿಕೊಂಡು, ಕೈಸನ್ನೆ ಬಾಯಿಸನ್ನೆ ಮಾಡಿ, ಹಾಲು ಸಕ್ಕರೆ ಕೇಳಿದ. ಮುದುಕಿಗೆ ಹಾಲು ಅಂತ ತಿಳಿಯಿತು, ಸಕ್ಕರೆ ಅಂತ ತಿಳಿಯಿತು, ಅವನ್ನು ಈ ತಾಟಿಗೆ ಸುರಿಯಬೇಕು ಎಂಬುದು ಮಾತ್ರ ತಿಳಿಯಲಿಲ್ಲ. ತಿಳಿದಾಗ ಎದೆಗೆ ಕೈಯಿಟ್ಟುಕೊಂಡು ಮೇರಿ ಮಾತೆಯನ್ನು ಕೂಗಿದಳು. ಕೊನೆಗೆ ತನಗೂ ಒಂದು ತುತ್ತು ಹಾಕಿಕೊಂಡು ತಿಂದಳು. ‘ಮುದುಕಿ ಏನಂದ್ಲು ಅಜ್ಜಾ?’ ಎಂದು ನಾವು ಕೇಳಿದರೆ, ‘ಎರಡನೇ ಸಲ ಹಾಕ್ಕೊಂಡ್ಲು ನೋಡಪಾ, ಮತ್ತೇನ ಅನ್ನೂದು?’ ಎನ್ನುತ್ತಿದ್ದ.

ಇನ್ನೊಂದು ಕತೆ ಇತ್ತು. ಬಹಳ ವರ್ಷ ನಾವು ಅದನ್ನು ಅಜ್ಜನ ಒಗ್ಗರಣೆ ಎಂದೇ ತಿಳಿದಿದ್ದೆವು. 1944ರ ಬೇಸಿಗೆಯಲ್ಲಿ ಫ್ಲಾರೆನ್ಸ್ ಊರಿನ ಕಡೆ ಸಾಗುವಾಗ ಗುಡ್ಡದ ಮೇಲೆ ಒಂದು ದೊಡ್ಡ ವಾಡೆ ಸಿಕ್ಕಿತಂತೆ. ಒಳಗೆ ಆಳೆತ್ತರದ ಚಿತ್ರಗಳು, ಗೋಡೆಗೆ ಆನಿಸಿಟ್ಟಿದ್ದು, ಒಂದರ ಹಿಂದೆ ಒಂದು. ‘ಒಂದರಾಗ ಗಿಡದ ತೋಪು, ತುಂಬ ಹಣ್ಣು. ಅದರಾಗ ಮೂರು ಮಂದಿ ಹೆಂಗಸರು ಕೈ ಕೈ ಹಿಡ್ಕೊಂಡು ಕುಣ್ಯಾಕ ಹತ್ತಿದ್ರು. ಮೈಮ್ಯಾಲೆ ಅರಬಿ ಇತ್ತು ಅಂದ್ರ ಇತ್ತು, ಇದ್ದಿಲ್ಲ ಅಂದ್ರ ಇದ್ದಿಲ್ಲ.’ ಅಷ್ಟು ಹೊತ್ತಿಗೆ ಒಳಗಿನಿಂದ ಅಜ್ಜಿಯ ಧ್ವನಿ: ‘ಯುದ್ಧಕ್ಕ ಹೋಗಿದ್ರೋ, ದೊಡ್ಡಾಟ ನೋಡಾಕ ಹೋಗಿದ್ರೋ?’ ಅಜ್ಜ ದನಿ ತಗ್ಗಿಸಿ, ‘ಪಾರೇದ ಮ್ಯಾಲೆ ಇದ್ನೇ. ಕಣ್ಣು ಮುಚ್ಚಿ ಪಾರೇ ಮಾಡಾಕ ಬರತೈತೇನು?’ ಎಂದು ನಮಗಷ್ಟೇ ಕೇಳುವಂತೆ ಹೇಳುತ್ತಿದ್ದ.

ಆ ವಾಡೆ ಮಾಂಟೆಗುಫೋನಿ. ಇಂಗ್ಲೆಂಡಿನ ಸಿಟ್ವೆಲ್ ಮನೆತನದವರ ಕೋಟೆಮನೆ. ಬಾಂಬುಗಳಿಗೆ ಹೆದರಿ ಫ್ಲಾರೆನ್ಸಿನ ಉಫೀಜಿ ಸಂಗ್ರಹಾಲಯದ ಚಿತ್ರಗಳನ್ನು ಅಲ್ಲಿ ತಂದಿಟ್ಟಿದ್ದರು. ಸ್ಕಾಟ್ಲೆಂಡಿನ ಲೇಖಕ ಎರಿಕ್ ಲಿಂಕ್ಲೇಟರ್ ಯುದ್ಧದ ವೃತ್ತಾಂತ ಬರೆಯಲು ಬಂದವರು, ಮರಾಠಾ ಸಿಪಾಯಿಗಳು ತಂಗಿದ್ದ ಆ ಮನೆಗೆ ಹೋದಾಗ ಎದುರಿಗೆ ಬೊಟಿಚೆಲ್ಲಿಯ ‘ಪ್ರಿಮವೇರಾ’ ನಿಂತಿತ್ತು. ಜೊತೆಗೆ ಜೊಟ್ಟೊ ಬರೆದ ಮೇರಿಮಾತೆ, ಉಚ್ಚೆಲ್ಲೊ ಬರೆದ ಯುದ್ಧದ ಚಿತ್ರ. ಯುರೋಪಿನ ಕಲೆಯಲ್ಲಿ ಇವಕ್ಕಿಂತ ಹೆಚ್ಚಿನ ಸಂಪತ್ತು ಇಲ್ಲ ಎಂದು ಬಲ್ಲವರು ಹೇಳುತ್ತಾರೆ. ಆ ಸಂಪತ್ತಿಗೆ ಪಹರೆ ನಿಂತವರು ನಮ್ಮ ಕಡೆಯ ಸಿಪಾಯಿಗಳು. ನಾನು ‘ಪ್ರಿಮವೇರಾ’ದ ಪ್ರತಿಯೊಂದನ್ನು ಮೊದಲ ಸಲ ಕಂಡದ್ದು ಧಾರವಾಡದಲ್ಲಿ, ಕಾಲೇಜಿನ ಗ್ರಂಥಾಲಯದಲ್ಲಿ. ಕಿತ್ತಳೆಯ ತೋಪು, ಕೈ ಹಿಡಿದು ಕುಣಿಯುವ ಮೂವರು ಹೆಂಗಸರು, ಇತ್ತು ಅಂದರೆ ಇತ್ತು ಎನ್ನುವ ಆ ಅರಿವೆ. ಪುಸ್ತಕ ಹಿಡಿದುಕೊಂಡು ನಾನು ಎಷ್ಟು ಜೋರಾಗಿ ನಕ್ಕೆನೆಂದರೆ ಗ್ರಂಥಪಾಲಕರು ಎದ್ದು ಬಂದರು. ಅಜ್ಜ ಒಂದು ಎಳೆಯನ್ನೂ ಒಗ್ಗರಣೆ ಹಾಕಿರಲಿಲ್ಲ. ಆ ಚಿತ್ರದ ಬಗ್ಗೆ ನಾನು ಓದಿದ ಯಾವ ವಿಮರ್ಶೆಯೂ ಅದನ್ನು ಅಜ್ಜ ಕಂಡಷ್ಟು ನೇರವಾಗಿ ಕಂಡಿಲ್ಲ ಎಂದು ನನಗೆ ಈಗಲೂ ಅನ್ನಿಸುತ್ತದೆ.

ನಿಜವಿದ್ದದ್ದನ್ನೇ ಅವನು ನಗುನಗುತ್ತ ಹೇಳಿದ. ಹೇಳದೆ ಉಳಿಸಿದ್ದು ಬೇರೆಯೇ ಇತ್ತು.

1945ರ ಏಪ್ರಿಲ್ 9. ಸೇನಿಯೊ ಹೊಳೆ. ಅದರ ಎರಡೂ ಬದಿಗೆ ಮನೆಯೆತ್ತರಕ್ಕಿಂತ ಎತ್ತರದ ಮಣ್ಣಿನ ಏರಿ. ಏರಿಯ ಹೊಟ್ಟೆ ಕೊರೆದು ಜರ್ಮನರು ಮಷಿನ್‌ಗನ್ ಹೂಡಿ ಕೂತಿದ್ದರು. ನೀರಿನಲ್ಲೂ ದಂಡೆಯಲ್ಲೂ ಸುರಂಗ ಬಾಂಬು. ಜಂಗಿ ಪಲ್ಟನ್ನಿನ ಒಂದು ಕಂಪನಿ ದಾಟುವಾಗ ಗುಂಡಿನ ಮಳೆಗೆ ಹೆಚ್ಚುಕಡಿಮೆ ಇಡೀ ಮುಂದಿನ ಸಾಲೇ ಉರುಳಿತು. ಕಂಪನಿಯ ಓಲೆಕಾರನಾಗಿದ್ದ ಸಿಪಾಯಿ ನಾಮದೇವ ಜಾಧವ್, ಗಾಯಗೊಂಡ ಇಬ್ಬರನ್ನು ಒಬ್ಬೊಬ್ಬರನ್ನಾಗಿ ಹೊತ್ತು, ಆ ನೀರು ದಾಟಿಸಿ, ಆ ಏರಿ ಹತ್ತಿಸಿ ಈಚೆಗೆ ತಂದ. ಮರಳಿ ಹೋಗಿ ಮೂರು ಮಷಿನ್‌ಗನ್ ನೆಲೆಗಳ ಬಾಯಿ ಮುಚ್ಚಿಸಿದ. ಕೈಗೆ ಗುಂಡು ಬಿದ್ದಿತ್ತು. ಆಮೇಲೆ ಏರಿಯ ನೆತ್ತಿ ಹತ್ತಿ ನಿಂತು, ಮರಾಠಾ ರಣಘೋಷ ಕೂಗುತ್ತ, ಹಿಂದಿದ್ದವರನ್ನು ಕೈಬೀಸಿ ಕರೆದ. ಅವನಿಗೆ ವಿಕ್ಟೋರಿಯಾ ಕ್ರಾಸ್ ಬಂತು. ಇಟಲಿಯಲ್ಲಿ ಆ ಪದಕ ಪಡೆದ ಆರು ಮಂದಿ ಭಾರತೀಯರಲ್ಲಿ ಇಬ್ಬರು ಮರಾಠಾ ಲೈಟ್ ಇನ್‌ಫಂಟ್ರಿಯವರು. ಇನ್ನೊಬ್ಬ ಯಶವಂತ ಘಾಡ್ಗೆ. 1944ರ ಜುಲೈ 10ರಂದು ಮೇಲಿನ ಟೈಬರ್ ಕಣಿವೆಯಲ್ಲಿ, ತನ್ನ ತುಕಡಿಯವರೆಲ್ಲ ಬಿದ್ದ ಮೇಲೆ ಒಬ್ಬನೇ ನುಗ್ಗಿ, ನೆಲೆಯನ್ನು ಹಿಡಿದು, ಅಲ್ಲೇ ಸತ್ತವನು. ಅವನಿಗಾಗ 22.

ಜಾಧವರು ಏರಿಯ ಮೇಲೆ ನಿಂತು ಕೈಬೀಸಿದಾಗ ಹೊಳೆಗೆ ಇಳಿದವರಲ್ಲಿ ನಮ್ಮಜ್ಜನೂ ಒಬ್ಬ. ಇದನ್ನು ಅವನು ಹೇಳಿದ್ದು ಒಂದೇ ವಾಕ್ಯದಲ್ಲಿ: ‘ಅವತ್ತ ಹೊಳಿ ದಾಟಿದ್ವಿ.’ ಇಟಲಿಯ ಬಗ್ಗೆ ಗಂಟೆಗಟ್ಟಲೆ ಹೇಳುವವನು ಸೇನಿಯೊ ಹೆಸರು ಬಂದರೆ ಎದ್ದು ದನಗಳಿಗೆ ಮೇವು ಹಾಕಲು ಹೋಗುತ್ತಿದ್ದ. ದುಃಖ ಮುಚ್ಚಿಕೊಳ್ಳಲು ನಗುತ್ತಿದ್ದ ಎಂದು ಇಂಥವರ ಬಗ್ಗೆ ಸುಲಭವಾಗಿ ಬರೆಯುತ್ತಾರೆ. ನಾನು ಒಪ್ಪುವುದಿಲ್ಲ. ಅಜ್ಜನ ನಗು ಪರದೆ ಆಗಿರಲಿಲ್ಲ. ಆ ಐದು ವರ್ಷಗಳಲ್ಲಿ ಮುದುಕಿಯ ತಾಟೂ ಇತ್ತು, ಸೇನಿಯೊ ಏರಿಯೂ ಇತ್ತು. ಮಕ್ಕಳ ಕೈಗೆ ಯಾವುದನ್ನು ಕೊಡಬೇಕೆಂದು ಅವನು ಯೋಚಿಸಿ ತೀರ್ಮಾನಿಸಿದ್ದ, ಸಾಯುವವರೆಗೂ ಆ ತೀರ್ಮಾನಕ್ಕೆ ಬದ್ಧನಾಗಿದ್ದ. ನಾವು ಕಟ್ಟಿಗೆಯ ಬಂದೂಕು ಹಿಡಿದು ಢಂ ಢಂ ಎಂದು ಆಡುವಾಗ ಅವನು ಬೈಯುತ್ತಿರಲಿಲ್ಲ, ನಗುತ್ತಲೂ ಇರಲಿಲ್ಲ. ‘ಬರ್ರಿ, ಕಂಬಳಿ ಮಡಚೂದು ಕಲಿಸ್ತೇನಿ’ ಎಂದು ಕರೆಯುತ್ತಿದ್ದ. ಮೂಲೆಗೆ ಮೂಲೆ ಕೂಡಿಸಿ, ಅಂಗೈಯಿಂದ ಸುಕ್ಕು ಸವರಿ, ಅಂಚು ಕಾಣದಂತೆ ಒಳಗೆ ಮಡಚಿ ಇಟ್ಟರೆ ಅದು ಇಟ್ಟಿಗೆಯ ಆಕಾರಕ್ಕೆ ಬರಬೇಕು. ಬರದಿದ್ದರೆ ಬಿಚ್ಚಿ ಮತ್ತೆ ಮಡಚಬೇಕು. ಬಂದೂಕು ಎಲ್ಲಿ ಬಿದ್ದಿತೆಂದು ನಮಗೆ ನೆನಪೇ ಇರುತ್ತಿರಲಿಲ್ಲ.

ಅಜ್ಜಿಯ ಯುದ್ಧ ಕುರ್ತಕೋಟಿಯಲ್ಲೇ ನಡೆಯಿತು. ಅಜ್ಜ ಹಡಗು ಹತ್ತುವ ಮುಂಚೆ ರಜೆಯ ಮೇಲೆ ಬಂದಾಗ ಮದುವೆ. ಆಮೇಲೆ ನಾಲ್ಕು ವರ್ಷ ಮುಖ ಕಾಣಲಿಲ್ಲ. 1942-43ರಲ್ಲಿ ಪಕ್ಕದ ವಿಜಾಪುರ ಜಿಲ್ಲೆಯಲ್ಲಿ ಬರ ಬಿತ್ತು, ನಮ್ಮ ಕಡೆಯೂ ಕಾಳಿನ ಬೆಲೆ ಏರಿತು. ಆ ದಿನಗಳಲ್ಲಿ ಮನೆಯ ಒಲೆ ಹೊತ್ತಿದ್ದು ಅಜ್ಜನ ಮನಿಆರ್ಡರಿನಿಂದ. ಜೊತೆಗೆ ಯಾವಾಗಲೋ ಒಮ್ಮೆ ಪತ್ರ ಬರುತ್ತಿತ್ತು, ಅಲ್ಲಲ್ಲಿ ಸೆನ್ಸಾರಿನವರು ಮಸಿ ಬಳಿದದ್ದು. ಅಜ್ಜಿಗೆ ಓದಲು ಬಾರದು. ಶಾಲೆಯ ಮಾಸ್ತರರು ಕಟ್ಟೆಯ ಮೇಲೆ ಕೂತು ಗಟ್ಟಿಯಾಗಿ ಓದುವರು. ಮಾವ, ಅತ್ತೆ, ನಾದಿನಿಯರು, ಅರ್ಧ ಓಣಿ ಸುತ್ತ ಕೂತಿರುವುದು. ಅಂಥ ಪತ್ರದಲ್ಲಿ ಹೆಂಡತಿಯನ್ನು ಏನೆಂದು ವಿಚಾರಿಸುವುದು? ಅಜ್ಜ ಎಮ್ಮೆಯನ್ನು ವಿಚಾರಿಸಿದ. ‘ಎಮ್ಮಿ ಹೆಂಗೈತಿ? ಹಾಯೂದು ಬಿಟ್ಟೈತೋ ಇಲ್ಲೋ?’ ಮಾಸ್ತರರು ಕನ್ನಡಕ ಸರಿಸಿ, ‘ನಿಮ್ಮ ಮನ್ಯಾಗ ಎಮ್ಮಿ ಎಲ್ಲೈತಿ?’ ಎಂದು ಕೇಳಿದರು. ಮನೆಯಲ್ಲಿದ್ದದ್ದು ಎರಡು ಎತ್ತು, ಒಂದು ಆಕಳು. ಅಜ್ಜಿ ಸೆರಗಿನ ಮರೆಯಿಂದ, ‘ಐತಿ, ಹಂಗ ಐತಿ ಅಂತ ಬರೀರಿ ಮಾಸ್ತರ’ ಎಂದಳಂತೆ. ಮುಂದಿನ ಪತ್ರದಲ್ಲೂ ಎಮ್ಮೆ, ಅದರ ಮುಂದಿನದರಲ್ಲೂ ಎಮ್ಮೆ. ಈ ಕತೆ ಹೇಳುವಾಗ ಅಜ್ಜ ಅಜ್ಜಿಯ ಕಡೆ ಕಣ್ಣು ಮಿಟುಕಿಸುತ್ತಿದ್ದ. ಎಮ್ಮೆ ಅಂದರೆ ಅಜ್ಜಿ, ಹಾಯುವುದು ಅಂದರೆ ಅವಳ ಸಿಟ್ಟು ಎಂದು ನಮ್ಮೆಲ್ಲರ ತಿಳಿವಳಿಕೆ. ಅಜ್ಜಿ ಏನೂ ಹೇಳದೆ ರೊಟ್ಟಿ ಬಡಿಯುತ್ತಿದ್ದಳು.

ಆ ಕಾಲದ ಇನ್ನೊಂದು ಮುಖವನ್ನು ಇಲ್ಲಿ ಹೇಳಲೇಬೇಕು. ಅಜ್ಜ ಬ್ರಿಟಿಷರ ಸಮವಸ್ತ್ರದಲ್ಲಿ ಕಡಲಾಚೆ ಇದ್ದಾಗ, ಅವನದೇ ಧಾರವಾಡ ಜಿಲ್ಲೆಯಲ್ಲಿ ಬ್ರಿಟಿಷರ ವಿರುದ್ಧ ‘ಚಲೇಜಾವ್’ ಹೊತ್ತಿ ಉರಿಯುತ್ತಿತ್ತು. ದಂಡಿ ಯಾತ್ರೆಯಲ್ಲಿ ಗಾಂಧೀಜಿಯ ಜೊತೆ ನಡೆದಿದ್ದ ಮೈಲಾರ ಮಹಾದೇವಪ್ಪನವರು 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಇಬ್ಬರು ಸಂಗಡಿಗರೊಂದಿಗೆ ಪೊಲೀಸರ ಗುಂಡಿಗೆ ಬಲಿಯಾದರು. ಊರಿಗೆ ಮರಳಿದ ಅಜ್ಜನನ್ನು ಕೆಲವರು ನೇರವಾಗಿ ಕೇಳಿದರು: ನಮ್ಮವರನ್ನು ಕೊಂದವರ ಅನ್ನ ಉಂಡು ಬಂದೆಯಾ? ಎಲ್ಲಕ್ಕೂ ನಗುವ ಅಜ್ಜ ಆ ಪ್ರಶ್ನೆಗೆ ನಗಲಿಲ್ಲ ಎಂದು ಅಪ್ಪ ಹೇಳುತ್ತಿದ್ದರು. ‘ಉಂಡೇನಿ. ಮನಿ ಮಂದಿಗೂ ಉಣಿಸೇನಿ. ಮಹಾದೇವಪ್ಪನಂಥಾವ್ರು ಹಸದು ನಿಂತ್ರು, ಅವರು ದೊಡ್ಡಾವ್ರು’ ಎಂದನಂತೆ. ಅಲ್ಲಿ ವಾದವಿಲ್ಲ, ಸಮರ್ಥನೆಯೂ ಇಲ್ಲ. ಸ್ವಾತಂತ್ರ್ಯದ ಕತೆಯಲ್ಲಿ ಈ ಸಿಪಾಯಿಗಳಿಗೆ ಜಾಗ ಸಿಗಲಿಲ್ಲ, ಬ್ರಿಟಿಷರ ಕತೆಯಲ್ಲಿ ಇವರು ಅಂಕಿಸಂಖ್ಯೆ ಮಾತ್ರ. ಎರಡೂ ಕಡೆ ಬಿಟ್ಟುಹೋದವರು ಇವರು. ಇದು ಸರಿಯಲ್ಲ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ.

ಯುದ್ಧ ಮುಗಿದ ಮೇಲೆ ಲಕ್ಷಗಟ್ಟಲೆ ಸಿಪಾಯಿಗಳನ್ನು ಮನೆಗೆ ಕಳಿಸಿದರು. ಪಿಂಚಣಿಗೆ 15 ವರ್ಷದ ಸೇವೆ ಆಗಬೇಕು, ಅಜ್ಜನದು ಆಗಿರಲಿಲ್ಲ. ಅವನ ಪಾಲಿಗೆ ಬಂದದ್ದು ಸ್ವಲ್ಪ ಇನಾಮಿನ ಹಣ, ಒಂದು ಕರಿ ಟ್ರಂಕು, ಒಂದು ಉಣ್ಣೆಯ ಕೋಟು, ಪದಕಗಳು. ಊರವರು ಮಾತ್ರ ಅವನಿಗೆ ತಿಂಗಳಾ ಪೆನ್ಶನ್ ಬರುತ್ತದೆಂದೇ ನಂಬಿದ್ದರು. ‘ಪೆನ್ಶನ್ ಬಂತೇನ್ರಿ ಅಜ್ಜಾರ?’ ಎಂದು ಕೇಳಿದರೆ, ‘ರಾಜಾ ಸಾಹೇಬ್ರು ಇನ್ನಾ ಸಹಿ ಮಾಡಿಲ್ಲಪಾ, ಪೆನ್ನು ಹುಡುಕಾಕ ಹತ್ಯಾರ’ ಎನ್ನುತ್ತಿದ್ದ. ರಾಜ ಸತ್ತು, ರಾಜನ ಮಗಳು ಪಟ್ಟಕ್ಕೆ ಬಂದು ದಶಕಗಳಾದರೂ ಪೆನ್ನಿನ ಹುಡುಕಾಟ ಮುಗಿಯಲಿಲ್ಲ.

ಆ ಪದಕಗಳಲ್ಲಿ ಒಂದು ಇಟಲಿ ಸ್ಟಾರ್. ಆರು ಮೂಲೆಯ ನಕ್ಷತ್ರ, ಹಿತ್ತಾಳೆಯ ಬಣ್ಣ, ನಡುವೆ ಕಿರೀಟ ಮತ್ತು ರಾಜನ ಹೆಸರಿನ ಅಕ್ಷರಗಳು. ಅದರ ಪಟ್ಟಿ ಕೆಂಪು, ಬಿಳಿ, ಹಸಿರು, ಮತ್ತೆ ಬಿಳಿ, ಮತ್ತೆ ಕೆಂಪು. ಇಟಲಿಯ ಬಾವುಟದ ಬಣ್ಣಗಳು. ದೀಪಾವಳಿಗೆ ಅಜ್ಜಿ ಹುಣಸೆಹಣ್ಣು ಹಚ್ಚಿ ತಾಮ್ರದ ಕೊಡ ಬೆಳಗುವಾಗ ಅದನ್ನೂ ಬೆಳಗುತ್ತಿದ್ದಳು. ವರ್ಷಾ ವರ್ಷಾ ಬೆಳಗಿ ಬೆಳಗಿ ಕಿರೀಟದ ಗೀರುಗಳು ಸವೆದು ನುಣ್ಣಗಾಗಿದ್ದವು. ಹಾಗೆ ಉಜ್ಜಬಾರದೆಂದು ಬಲ್ಲವರು ಹೇಳುತ್ತಾರೆ. ಆದರೆ ಸವೆದ ಆ ನಕ್ಷತ್ರದಲ್ಲಿ ಅಜ್ಜಿಯ ಕೈಯೂ ಸೇರಿದೆ. ಹಾಗಾಗಿ ನನಗೆ ಅದು ಹಾಗಿರುವುದೇ ಸರಿ.

ಆಗಸ್ಟ್ 15ಕ್ಕೆ ಶಾಲೆಯವರು ಅಜ್ಜನನ್ನು ಕರೆಯುತ್ತಿದ್ದರು. ಭಾಷಣಕ್ಕೆ ಒಪ್ಪುತ್ತಿರಲಿಲ್ಲ. ಬೆಳಿಗ್ಗೆ ದಾಡಿ ಮಾಡಿಕೊಂಡು, ಧೋತರದ ಮೇಲೆ ಆ ಉಣ್ಣೆಯ ಕೋಟು ತೊಟ್ಟು, ಮಕ್ಕಳ ಸಾಲನ್ನು ನೇರ ಮಾಡುವುದಷ್ಟೇ ಅವನ ಕೆಲಸ. ಒಂದು ವರ್ಷ ಹೊಸದಾಗಿ ಬಂದ ಗುರುಗಳು ಅವನನ್ನು ವೀರಯೋಧ ಎಂದು ಬಣ್ಣಿಸುತ್ತ, ನಮ್ಮ ನಾಡಿನ ವೀರಗಲ್ಲುಗಳ ಪರಂಪರೆಯನ್ನೆಲ್ಲ ಎಳೆದು ತಂದರು. ಗದಗ, ಲಕ್ಕುಂಡಿ, ಡಂಬಳದ ಸುತ್ತಿನ ಊರುಗಳಲ್ಲಿ ಗುಡಿ ಗುಂಡಾರಗಳ ಹತ್ತಿರ ನಿಂತ ಆ ಕಲ್ಲುಗಳನ್ನು ಎಲ್ಲರೂ ನೋಡಿರುತ್ತಾರೆ. ಕೆಳಗಿನ ಪಟ್ಟಿಕೆಯಲ್ಲಿ ವೀರ ಕಾದುತ್ತಿರುತ್ತಾನೆ, ನಡುವಿನದರಲ್ಲಿ ಅಪ್ಸರೆಯರು ಅವನನ್ನು ಕರೆದೊಯ್ಯುತ್ತಾರೆ, ಮೇಲಿನದರಲ್ಲಿ ಶಿವಲಿಂಗದ ಎದುರು ಕೂತಿರುತ್ತಾನೆ. ಅಜ್ಜ ಕೈಯೆತ್ತಿ ಗುರುಗಳನ್ನು ತಡೆದ. ‘ಗುರುಗಳ, ಆ ಕಲ್ಲು ನಡುವಿನ ಪಟ್ಟಿಕಿಗೆ ಹೋದಾವ್ರದು. ನಾ ಕೆಳಗಿನದರಾಗಿಂದ ಪಾರಾಗಿ ಬಂದಾಂವ. ಅಪ್ಸರೇರು ಬಂದಿದ್ರು ಖರೆ, ನನ್ನ ತೂಕ ನೋಡಿ ನಾಳೆ ಬಾ ಅಂದ್ರು.’ ಶಾಲೆಯೇ ನಕ್ಕಿತು. ಆ ಗುರುಗಳೂ ನಕ್ಕು ಕೂತರು. ಸಾಲಿನ ಕೊನೆಗೆ ನಿಂತ ನನಗೆ ಆಗ ಅದು ಬರೀ ನಗೆಮಾತು. ಸತ್ತವರಿಗೆ ಸಲ್ಲಬೇಕಾದ ಕಲ್ಲನ್ನು ಬದುಕಿ ಬಂದ ತಾನು ಮುಟ್ಟಲಾರೆ ಎಂದು ಅವನು ಹೇಳಿದ್ದನೆಂಬುದು ಎಷ್ಟೋ ಕಾಲದ ಮೇಲೆ ಅರ್ಥವಾಯಿತು.

2016ರ ಫೆಬ್ರುವರಿಯಲ್ಲಿ, ಸಿಯಾಚಿನ್ನಿನ ಹಿಮದಡಿ ಆರು ದಿನ ಉಸಿರು ಹಿಡಿದಿದ್ದು, ಆಮೇಲೆ ದಿಲ್ಲಿಯ ಆಸ್ಪತ್ರೆಯಲ್ಲಿ ತೀರಿಕೊಂಡ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರ ದೇಹ ಹುಬ್ಬಳ್ಳಿಗೆ ಬಂದಾಗ ಜನ ರಸ್ತೆಯುದ್ದಕ್ಕೂ ನಿಂತಿದ್ದರು. ಅಷ್ಟೊತ್ತಿಗೆ ಅಜ್ಜ ಹೋಗಿ ಬಹಳ ವರ್ಷವಾಗಿತ್ತು. ಟಿವಿಯ ಮುಂದೆ ಕೂತ ಅಪ್ಪ, ‘ಅಜ್ಜ ಇದ್ದಿದ್ರ ಎದ್ದು ಮೇವು ಹಾಕಾಕ ಹೋಗತಿದ್ದ’ ಎಂದರು. ನಿಜ, ಹೋಗುತ್ತಿದ್ದ.

2023ರ ಜುಲೈನಲ್ಲಿ ಇಟಲಿಯ ಮಾಂಟೋನೆ ಎಂಬ ಊರಿನವರು ಯಶವಂತ ಘಾಡ್ಗೆಯ ನೆನಪಿಗೆ ಒಂದು ಸೂರ್ಯಗಡಿಯಾರ ನಿಲ್ಲಿಸಿದ ಸುದ್ದಿ ಓದಿದೆ. ತಮ್ಮ ಹೊಲಗಳಲ್ಲಿ ಸತ್ತ ಪರದೇಶದ ಹುಡುಗನನ್ನು ಎಂಟು ದಶಕಗಳ ಮೇಲೆ ಅವರು ಮರೆತಿಲ್ಲ. ನಮ್ಮ ಗದಗ ಜಿಲ್ಲೆಯ ಊರೂರುಗಳಲ್ಲಿ ಅಟ್ಟದ ಮೇಲೆ ಇಂಥ ಕರಿ ಟ್ರಂಕುಗಳು ಇನ್ನೂ ಇದ್ದಾವು. ಅವುಗಳಲ್ಲಿ ಸಂಬಳದ ಪುಸ್ತಕ, ಬಿಡುಗಡೆಯ ಕಾಗದ, ಯಾರದೆಂದು ಮೊಮ್ಮಕ್ಕಳಿಗೆ ಗೊತ್ತಿಲ್ಲದ ಒಂದು ಫೋಟೊ. ಯಾವ ಊರಿನಿಂದ ಯಾರು ಹೋದರು, ಯಾರು ಬರಲಿಲ್ಲ ಎಂಬುದನ್ನು ಪಂಚಾಯಿತಿಗೊಂದರಂತೆ ಬರೆದಿಡುವುದು ದೊಡ್ಡ ಖರ್ಚಿನ ಕೆಲಸವಲ್ಲ. ಶಾಲೆಯ ಮಕ್ಕಳೇ ಮನೆ ಮನೆಗೆ ಹೋಗಿ ಕೇಳಿ ಬರೆಯಬಹುದು. ಕೇಳಿದರೆ ಹೇಳುವ ಮುದುಕಿಯರು ಇನ್ನೂ ಕೆಲವರು ಇದ್ದಾರೆ.

ಹೇಳುತ್ತಾರೆ ಎಂದು ನಾನು ಅನ್ನುವುದಕ್ಕೆ ಕಾರಣವಿದೆ. ಅಜ್ಜನ ದಿನಕರ್ಮದ ಊಟಕ್ಕೆ ಬಂದವರು ಪಡಸಾಲೆಯಲ್ಲಿ ಕೂತು ಒಬ್ಬೊಬ್ಬರಾಗಿ ಅವನ ಕತೆ ಹೇಳತೊಡಗಿದ್ದರು. ಬಾಳೆಹಣ್ಣು ಬಂತು, ಜೀಪು ಬಂತು, ಎತ್ತುಗಳ ಇಂಗ್ಲಿಷ್ ಬಂತು. ಅಳಲು ಬಂದವರು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು. ಕೊನೆಗೆ ಒಬ್ಬರು ಎಮ್ಮೆಯ ಪತ್ರದ ಕತೆ ಎತ್ತಿ, ‘ಎಮ್ಮಿ ಅಂದ್ರ ನಮ್ಮ ಅಮ್ಮಾರು’ ಎಂದು ಅಜ್ಜಿಯ ಕಡೆ ಕೈ ತೋರಿಸಿದರು. ಐವತ್ತು ವರ್ಷ ಸುಮ್ಮನಿದ್ದ ಅಜ್ಜಿ ತಟ್ಟನೆ ತಲೆಯೆತ್ತಿದಳು.

‘ಯಾರಂದ್ರು ನಿಮಗ? ನಾ ಯಾಕ ಎಮ್ಮಿ ಆಗಲಿ? ಅದು ನಮ್ಮ ಅತ್ತಿ. ಕಾಡಸ್ತಾಳೋ ಬಿಟ್ಟಾಳೋ ಅಂತ ಕೇಳತಿದ್ರು ಅವರು. ಮಾಸ್ತರು ಓದೂಮುಂದ ನಮ್ಮತ್ತಿ ಬಾಜೂಕ ಕುಂತು, ಎಮ್ಮಿ ಚಲೋ ಐತಿ ಅಂತ ಬರೀರಿ ಅಂತ ತಾನೇ ಹೇಳತಿದ್ಲು!’